ಆನೆ ಹೋದಮೇಲೂ ಪಟಾಕಿ ನಿಲ್ಲದಿದ್ದರೆ

"ನನಗೆ ಇಮ್ಯುನಿಟಿ ಕಮ್ಮಿ ಇರಬೇಕು ಡಾಕ್ಟ್ರೇ" ಅಂತ ಅವರು ಚೀಲದಿಂದ ಶಕ್ತಿ ಪುಡಿಯ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ವಿರಾಜಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಎರಡು ಮಳೆಗಾಲದಿಂದ ಬೆರಳು ನೋವು. ಬೆಳಿಗ್ಗೆ ಎದ್ದರೆ ಒಂದೂವರೆ ಗಂಟೆ ಕೈ ಮಡಚಲು ಆಗುವುದಿಲ್ಲ, ಕಡಂಬುಟ್ಟಿಗೆ ಉಂಡೆ ಕಟ್ಟೋಕೂ ಮಗಳನ್ನೇ ಕರೆಯಬೇಕು. ಶೀತ ಇರಬೇಕು, ಮಳೆ ನಿಂತರೆ ಸರಿಹೋಗುತ್ತೆ ಅಂದರಂತೆ ಮನೆಯಲ್ಲಿ. ಮಳೆ ನಿಂತಿತು, ಕಾಫಿ ಕುಯ್ಲೂ ಮುಗಿಯಿತು, ನೋವು ಹಾಗೇ ಉಳಿಯಿತು.

ಬೆರಳ ಬುಡದ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ನೋಡಿದೆ. ಎರಡೂ ಕೈಯಲ್ಲಿ ಮೆತ್ತಗೆ, ನೆನೆದ ಸ್ಪಂಜಿನ ಹಾಗೆ. ಉಂಗುರ ಇರಲಿಲ್ಲ, ಅದು ಇದ್ದ ಕಡೆ ಬಿಳಿ ಗುರುತು ಮಾತ್ರ. ರಕ್ತದಲ್ಲಿ ಆಂಟಿ-ಸಿಸಿಪಿ, ಅಂದರೆ ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯ, ಜಾಸ್ತಿ ಬಂತು. ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರಕ್ಷಣೆಯೇ ಕೀಲುಗಳ ಮೇಲೆ ಬೀಳುವ ವಾತದ ಕಾಯಿಲೆ.

ಅಕ್ಕ, ನಿಮ್ಮ ಇಮ್ಯುನಿಟಿ ಕಮ್ಮಿ ಅಲ್ಲ, ಅದಕ್ಕೆ ನಿಲ್ಲಿಸುವುದು ಮರೆತುಹೋಗಿದೆ ಅಂದೆ.

ತೋಟಕ್ಕೆ ಆನೆ ಬಂದರೆ ಏನು ಮಾಡುತ್ತೇವೆ? ಪಕ್ಕದ ಮನೆಗೆ ಫೋನು, ಅಲ್ಲಿಂದ ತೋಟದ ಕೆಲಸದವರ ಲೈನ್ ಮನೆಗೆ, ಎಲ್ಲರೂ ಪಟಾಕಿ ಹಿಡಿದು ಹೊರಗೆ. ಆನೆ ಕಾಡಿಗೆ ಹೋದಮೇಲೆ "ಹೋಯ್ತು, ಸಾಕು" ಅನ್ನುವ ಫೋನೂ ಬರಬೇಕಲ್ವಾ? ಅದು ಬರದೆ, ಕತ್ತಲಲ್ಲಿ ನಮ್ಮದೇ ಹಸುವಿನ ಮೇಲೆ ಪಟಾಕಿ ಎಸೆಯುತ್ತಾ ಕೂತರೆ ಏನಾಗುತ್ತದೋ ಅದೇ ಈ ಕಾಯಿಲೆ.

ದೇಹದಲ್ಲಿ ಈ ಫೋನುಗಳ ಹೆಸರು ಸೈಟೋಕೈನ್. ಟಿಎನ್‌ಎಫ್, ಐಎಲ್-6 ಇವು 'ಬನ್ನಿ' ಅಂತ ಕೂಗುವಂಥವು. 'ಸಾಕು' ಅನ್ನುವ ಕೆಲಸ ಬಹುಪಾಲು ರೆಗ್ಯುಲೇಟರಿ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳದ್ದು. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಅನ್ನುವ ಜೀನ್ ಕೆಟ್ಟರೆ ಇಲಿಗಳಲ್ಲಿ, ಮಕ್ಕಳಲ್ಲಿ ದೇಹವೇ ದೇಹದ ಮೇಲೆ ಬೀಳುತ್ತದೆ ಅಂತ ತೋರಿಸಿದರು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ ಬಂತು. ನಮ್ಮ ಅಕ್ಕನ ಜೀನ್ ಹಾಗೆ ಪೂರ್ತಿ ಕೆಟ್ಟಿಲ್ಲ. ಕೂಗು ಜಾಸ್ತಿಯಾಗಿದೆ, ತಡೆಯುವ ದನಿ ಸಾಲುತ್ತಿಲ್ಲ. ಹೀಗೇ ಬಿಟ್ಟರೆ ಆ ಟಿಎನ್‌ಎಫ್ಫೇ ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸುತ್ತದೆ, ಆಮೇಲೆ ಸೊಟ್ಟಗಾದ ಬೆರಳನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡುವುದಿಲ್ಲ. ಅದಕ್ಕೇ ನನಗೆ ಅವಸರ. ಥಂಡಿಗೆ ನೋವು ಜಾಸ್ತಿ ಅನ್ನಿಸಬಹುದು, ಆದರೆ ಕಾಯಿಲೆ ತಂದದ್ದು ಮಳೆಯಲ್ಲ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆಳಗಿನ ಬಿಗಿತ, ಜೊತೆಗೆ ಗೆಣ್ಣಲ್ಲಿ ಊತ ಇದ್ದರೆ ಇನ್ನೊಂದು ಮಳೆಗಾಲ ಕಾಯಬೇಡಿ.

ಹಾಗಂತ ಕೂಗನ್ನು ಪೂರ್ತಿ ಅಡಗಿಸುವಂತೆಯೂ ಇಲ್ಲ. ದೇಹದೊಳಗೆ ಸುಮ್ನೆ ಮಲಗಿರುವ ಟಿಬಿಯನ್ನು ಕಟ್ಟಿಹಾಕಿರುವುದೂ ಟಿಎನ್‌ಎಫ್ಫೇ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗೆ ಮೊದಲು ಟಿಬಿ ಪರೀಕ್ಷೆ ಮಾಡುವುದು ಅದಕ್ಕೇ, ದುಡ್ಡು ಕೀಳೋಕಲ್ಲ.

ಇವರಿಗೆ ಇಂಜೆಕ್ಷನ್ ಬೇಕಾಗಲಿಲ್ಲ. ಈ ಕೂಗನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಮಾತ್ರೆ ಶುರು ಮಾಡಿದೆವು, ಜೊತೆಗೆ ಫೋಲಿಕ್ ಆಸಿಡ್ ಅನ್ನುವ ವಿಟಮಿನ್. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಗುಣ ಕಾಣೋಕೆ ಆರರಿಂದ ಹನ್ನೆರಡು ವಾರ ಬೇಕು, ನಡುವೆ ರಕ್ತ ಪರೀಕ್ಷೆ. ಪುಡಿ ಡಬ್ಬವನ್ನು ಅವರೇ ವಾಪಸ್ ಚೀಲಕ್ಕೆ ಹಾಕಿಕೊಂಡರು. ಮಾತ್ರೆ ಕವರಿನ ಮೇಲೆ ವಾರದ ಹೆಸರು ಬರೆಯಲು ಪೆನ್ನು ತೆಗೆದೆ.

"ಸಂತೆ ದಿನ ಅಂತ ಬರೀರಿ ಡಾಕ್ಟ್ರೇ, ಅದನ್ನ ಮರೆಯಲ್ಲ" ಅಂದರು.