ಮೂರು ತಲೆ, 83 ಮತ: ಲವಿಂಗ್ ಕೌಂಟಿ ಹುಟ್ಟಿದ ಬಗೆ

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ 64 ಜನರಷ್ಟೇ ಇರುವ ಕೌಂಟಿಯೊಂದಿದೆ ಎಂದು ಓದಿದೆ. ಕೌಂಟಿ ಎಂದರೆ ಜಿಲ್ಲೆಯಲ್ಲವೇ? ಅಷ್ಟು ಜನರಿಗೆ ಒಂದು ಜಿಲ್ಲೆ ಯಾಕೆ ಬೇಕಾಯಿತು?

ಉತ್ತರ: ನೀವು ಓದಿದ್ದು ಲವಿಂಗ್ ಕೌಂಟಿಯ ವಿಚಾರ. ಪಶ್ಚಿಮ ಟೆಕ್ಸಾಸ್‌ನಲ್ಲಿ, ನ್ಯೂ ಮೆಕ್ಸಿಕೋ ಗಡಿಗೆ ತಾಗಿದ ಸುಮಾರು 1,750 ಚದರ ಕಿಲೋಮೀಟರ್ ಬೆಂಗಾಡು ಅದು. ಕೌಂಟಿಯನ್ನು ಜಿಲ್ಲೆ ಎಂದರೆ ಅರ್ಧ ಸರಿ. ನಮ್ಮಲ್ಲಿ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಕೌಂಟಿ ನ್ಯಾಯಾಧೀಶರು, ಕಮಿಷನರುಗಳು, ಶೆರಿಫ್ ಎಲ್ಲರೂ ಸ್ಥಳೀಯರ ಮತದಿಂದಲೇ ಬರಬೇಕು. ಮತ ಹಾಕುವವರೇ ಇಲ್ಲದಿದ್ದರೆ ಕುರ್ಚಿಗಳೂ ಖಾಲಿ.

ಆದ್ದರಿಂದ ಟೆಕ್ಸಾಸ್‌ನಲ್ಲಿ ಕೌಂಟಿಗೆ ಎರಡು ಜನ್ಮ. ಮೊದಲನೆಯದು ಕಾಗದದ ಮೇಲೆ: ಶಾಸನಸಭೆ ನಕ್ಷೆಯಲ್ಲಿ ಗೆರೆ ಎಳೆದು ಹೆಸರಿಡುತ್ತಿತ್ತು. 1876ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ 54 ಕೌಂಟಿಗಳು ಹೀಗೆ ಹುಟ್ಟಿದವು. ಬಹುಪಾಲು ಜಾಗದಲ್ಲಿ ಹುಲ್ಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಂಥ ಕೌಂಟಿಯ ಕೋರ್ಟು ವ್ಯವಹಾರವನ್ನು ಬೇರೊಂದು ಕೌಂಟಿ ನೋಡಿಕೊಳ್ಳುತ್ತಿತ್ತು. ಜನ ಬಂದು ನೆಲೆಸಿ, ಅರ್ಜಿ ಹಾಕಿ, ಚುನಾವಣೆ ನಡೆಸಿದಾಗ ಎರಡನೆಯ ಜನ್ಮ. ಇದಕ್ಕೇ ಕೌಂಟಿಯ ಸಂಘಟನೆ ಎನ್ನುತ್ತಾರೆ. ಲವಿಂಗ್‌ನ ಗೆರೆ ಬಿದ್ದದ್ದು 1887ರಲ್ಲಿ, ಟಾಮ್ ಗ್ರೀನ್ ಕೌಂಟಿಯಿಂದ ಕತ್ತರಿಸಿ. ಉಸ್ತುವಾರಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿತು.

ಹೆಸರು ದನದ ವ್ಯಾಪಾರಿ ಆಲಿವರ್ ಲವಿಂಗ್‌ನದು. ಚಾರ್ಲ್ಸ್ ಗುಡ್‌ನೈಟ್ ಜೊತೆ ಸೇರಿ ಪೇಕೋಸ್ ನದಿಗುಂಟ ಮಂದೆ ಹೊಡೆದುಕೊಂಡು ಹೋಗುತ್ತಿದ್ದವನು. 1867ರಲ್ಲಿ ಮಂದೆಗಿಂತ ಮುಂದಾಗಿ ಹೊರಟಾಗ ಮೂಲನಿವಾಸಿ ಕೊಮಾಂಚಿಗಳ ದಾಳಿಗೆ ಸಿಕ್ಕಿ ಗಾಯಗೊಂಡ. ಹೇಗೋ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ತಲುಪಿದ, ಆದರೆ ಗಾಯ ಕೊಳೆತು ಅಲ್ಲೇ ತೀರಿಕೊಂಡ. ಅಲ್ಲಿ ಹೂತಿದ್ದ ಗೆಳೆಯನ ದೇಹವನ್ನು ಗುಡ್‌ನೈಟ್ ಹೊರತೆಗೆಸಿ, ಟೆಕ್ಸಾಸ್‌ನ ವೆದರ್‌ಫರ್ಡ್‌ಗೆ ಒಯ್ದು ಮಣ್ಣು ಮಾಡಿಸಿದ. ದಾರಿಹೋಕನ ಹೆಸರು ಹೊತ್ತ ನೆಲದಲ್ಲಿ ಉಳಿದವರೂ ಕಡಿಮೆಯೇ: 1890ರ ಜನಗಣತಿಯಲ್ಲಿ ಇಡೀ ಕೌಂಟಿಗೆ ಮೂರು ಜನ. ಮೂರು ಸಾವಿರವಲ್ಲ, ಮೂರು.

ಮೂರೇ ವರ್ಷಕ್ಕೆ ಅಲ್ಲಿಂದ 150 ಮತದಾರರ ಹೆಸರಿದ್ದ ಅರ್ಜಿ ಬಂತು! ಅದರ ಹಿಂದಿದ್ದದ್ದು ಡೆನ್ವರ್‌ನ ಕೆಲವರು ಕಟ್ಟಿದ್ದ ನೀರಾವರಿ ಕಂಪನಿ. ಪೇಕೋಸ್‌ನಿಂದ ಕಾಲುವೆ ತೆಗೆದು ಜಮೀನು ಹಸಿರು ಮಾಡುತ್ತೇವೆಂಬುದು ಅವರ ಮಾತು. 1893ರ ಜುಲೈನಲ್ಲಿ ಚುನಾವಣೆಯೂ ಆಯಿತು. 83 ಮತ ಬಿದ್ದವೆಂದು ಲೆಕ್ಕ ಕೊಟ್ಟರು. ಮೆಂಟೋನ್ ಎಂಬ ಊರು ಕೇಂದ್ರವಾಯಿತು. ಇಷ್ಟೆಲ್ಲ ತಾಪತ್ರಯ ಏಕೆ ಎಂದು ನೀವು ಕೇಳಬಹುದು. ಸಂಘಟಿತ ಕೌಂಟಿ ತೆರಿಗೆ ಹಾಕಬಹುದು, ಬಾಂಡ್ ಮಾರಿ ಸಾಲ ಎತ್ತಬಹುದು. ಆಸೆಬುರುಕರಿಗೆ ಕಾಲುವೆಗಿಂತ ಇದು ಒಳ್ಳೆಯ ನೀರು.

ಅದೇ ವರ್ಷ ಪೇಕೋಸ್ ಉಕ್ಕಿ ಹರಿದು ಕಾಲುವೆಯ ಕಾಮಗಾರಿಯನ್ನು ಕೊಚ್ಚಿಕೊಂಡು ಹೋಯಿತು. ಅರ್ಜಿಯ ಹೆಸರುಗಳೇ ಸುಳ್ಳು ಎಂಬ ದೂರುಗಳು ಎದ್ದವು, ಸಂಘಟಕರು ಜಾಗ ಖಾಲಿ ಮಾಡಿದರು. 1897ರಲ್ಲಿ ಶಾಸನಸಭೆ ಕೌಂಟಿಯನ್ನು ಬರಖಾಸ್ತು ಮಾಡಿ ಮತ್ತೆ ರೀವ್ಸ್‌ನ ಮಡಿಲಿಗೆ ಹಾಕಿತು. 1900ರಲ್ಲಿ ಎಣಿಸಿದಾಗ ಸಿಕ್ಕಿದವರು 33. ಏಳು ವರ್ಷ ಹಿಂದಿನ ಆ 150 ಮಂದಿ ಎಲ್ಲಿಂದ ಬಂದಿದ್ದರೆಂದು ನೀವೇ ಊಹಿಸಿ.

ಮತ್ತೆ ಜೀವ ಬಂದದ್ದು ಎಣ್ಣೆಯಿಂದ. 1921ರಲ್ಲಿ ಪೆಟ್ರೋಲಿಯಂ ಸಿಕ್ಕಿತು, 82 ಇದ್ದ ಜನಸಂಖ್ಯೆ 1930ಕ್ಕೆ 195 ಆಯಿತು, 1931ರಲ್ಲಿ ಕೌಂಟಿ ಮತ್ತೊಮ್ಮೆ ಸಂಘಟನೆಗೊಂಡಿತು. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ ಎರಡು ಬಾರಿ ಸಂಘಟನೆಗೊಂಡದ್ದು ಇದೊಂದೇ. ಹಳೆಯ ಮೆಂಟೋನ್ ಆಗಲೇ ಮಣ್ಣುಪಾಲಾಗಿತ್ತು. ಬೇರೆ ಜಾಗದಲ್ಲಿ ಎದ್ದ ಊರಿಗೆ ಅದೇ ಹೆಸರು ಬಂತು. ಅಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕೋರ್ಟ್‌ಹೌಸ್ ಇಂದಿಗೂ ಇದೆ.

ಎಣ್ಣೆಯ ತೆರಿಗೆ ಬರುವುದರಿಂದ ಈಗ ಹಣದ ಚಿಂತೆಯಿಲ್ಲ. ನಿಮ್ಮ 64ರ ಲೆಕ್ಕ 2020ರ ಜನಗಣತಿಯದು. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಲವಿಂಗ್ ಕೌಂಟಿಯಲ್ಲಿ ಬಿದ್ದ ಮತಗಳು 66.