ತಪಾಸಣೆಗೆ ಹೋದ ಬೆಳಗಿನ ಸಂಬಳ

ನಮ್ಮ ಹೆರಿಗೆ ಸೌಲಭ್ಯ ಕಾನೂನಿನಲ್ಲಿ ಬಾಣಂತನಕ್ಕೆ ವಾರಗಳ ಲೆಕ್ಕವಿದೆ, ಕೂಸಿಗೆ ಹಾಲೂಡಿಸಲು ಬಿಡುವಿನ ಲೆಕ್ಕವೂ ಇದೆ; ಆದರೆ ಬಸುರಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗಿಬರಲು ಬೇಕಾಗುವ ಅರ್ಧ ದಿನದ ಪ್ರಸ್ತಾಪವೇ ಇಲ್ಲ.

ಈ ಕೊರತೆಯ ಬೇರು ಹಳೆಯದು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಹೆರಿಗೆಯ ಹಿಂದೆಮುಂದೆ ಆರಾರು ವಾರಗಳ ರಜೆಯನ್ನೂ ಹಾಲೂಡಿಸಲು ದಿನಕ್ಕೆರಡು ಬಾರಿ ಅರ್ಧ ಗಂಟೆಯ ಬಿಡುವನ್ನೂ ಒಪ್ಪಿತು. ಗರ್ಭಿಣಿಯನ್ನು ತಿಂಗಳು ತಿಂಗಳು ಪರೀಕ್ಷಿಸುವ ಪದ್ಧತಿ ಆಗಿನ್ನೂ ನೆಲೆಯೂರಿರಲಿಲ್ಲವಾದ್ದರಿಂದ ಅದಕ್ಕೆ ಸಮಯ ಮೀಸಲಿಡದೆ ಹೋದದ್ದು ಸಹಜ. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಡಾ. ಅಂಬೇಡ್ಕರ್ ಅವರು ಹೆರಿಗೆಗೆ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತವೆಂದು ವಾದಿಸಿದರು. ಮರುವರ್ಷ ಅಲ್ಲಿ ಕಾನೂನು ಬಂತು.

1961ರ ಕೇಂದ್ರ ಕಾಯ್ದೆಯ ಎಂಟನೆಯ ಕಲಮು ಕುತೂಹಲಕಾರಿಯಾಗಿದೆ. ಮಾಲೀಕರು ಹೆರಿಗೆಪೂರ್ವ ಆರೈಕೆಯನ್ನು ಉಚಿತವಾಗಿ ಒದಗಿಸದಿದ್ದರೆ 25 ರೂಪಾಯಿ ವೈದ್ಯಕೀಯ ಬೋನಸ್ ಕೊಡಬೇಕೆಂದು ಅದು ವಿಧಿಸಿತು. ಆ ಮೊತ್ತ ಬೆಳೆದು 3,500 ರೂಪಾಯಿ ಆಗಿದೆ. ಎಂದರೆ ಆರೈಕೆಗೆ ಹಣ ಬೇಕೆಂಬುದು ಶಾಸನ ಬರೆದವರಿಗೆ ತಿಳಿದಿತ್ತು, ಸಮಯ ಬೇಕೆಂಬುದು ಹೊಳೆಯಲಿಲ್ಲ. ಬಸುರಿನಿಂದ ಕಾಯಿಲೆಯಾದರೆ ಒಂದು ತಿಂಗಳ ಹೆಚ್ಚುವರಿ ರಜೆ ಉಂಟು. ರಕ್ತದೊತ್ತಡ ಏರುವುದನ್ನೂ ರಕ್ತಹೀನತೆಯನ್ನೂ ಮೊದಲೇ ಹಿಡಿಯುವ ತಪಾಸಣೆಗೆ ಇಲ್ಲ. 2017ರ ತಿದ್ದುಪಡಿ 12 ವಾರಗಳನ್ನು 26ಕ್ಕೆ ಏರಿಸಿದಾಗಲೂ, 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಾಗಲೂ ಇದು ಹಾಗೆಯೇ ಉಳಿಯಿತು.

ಬ್ರಿಟನ್ ಈ ಸಮಯವನ್ನು ಸಂಬಳಸಹಿತ ಹಕ್ಕಾಗಿ 1980ರಲ್ಲೇ ಕಾನೂನಿಗೆ ಸೇರಿಸಿತು. 1992ರಲ್ಲಿ ಯುರೋಪಿನ ನಿರ್ದೇಶನವೊಂದು ಸದಸ್ಯ ದೇಶಗಳೆಲ್ಲ ಇದನ್ನು ಪಾಲಿಸಬೇಕೆಂದಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜನವರಿ 1ರಿಂದ 52 ವಾರಗಳಲ್ಲಿ 20 ಗಂಟೆಗಳ ಸಂಬಳಸಹಿತ ರಜೆ ಕೇವಲ ಇದಕ್ಕೆಂದೇ ಇದೆ, ಮತ್ತು ಅದನ್ನು ಗಂಟೆಗಳ ಲೆಕ್ಕದಲ್ಲಿ ಪಡೆಯಬಹುದು. ತಪಾಸಣೆಗೆ ಬೇಕಾಗುವುದು ಕೆಲವೇ ಗಂಟೆಗಳಾದ್ದರಿಂದ ಈ ಅಳತೆಯೇ ನನಗೆ ಸರಿಯೆನಿಸುತ್ತದೆ.

ನಮ್ಮಲ್ಲಿ ಕನಿಷ್ಠ ನಾಲ್ಕು ತಪಾಸಣೆ ಆಗಬೇಕೆಂಬುದು ಸರ್ಕಾರದ್ದೇ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಭೇಟಿಗಳನ್ನು ಸೂಚಿಸುತ್ತದೆ. ಅದೇ ವರ್ಷ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಪರೀಕ್ಷೆ ನಡೆಯುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳಿಗೆ 9ನೇ ತಾರೀಖು ಸಾಮಾನ್ಯವಾಗಿ ಕೆಲಸದ ದಿನ. ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತರೆ 20 ದಿನ ದುಡಿದು ಗಳಿಸಿದ ಒಂದು ರಜೆಯನ್ನು ಬಿಡಬೇಕು, ಇಲ್ಲವೇ ಆ ದಿನದ ಕೂಲಿಯನ್ನು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಖಾಸಗಿ ವಲಯವನ್ನೂ ಒಳಗೊಂಡಂತೆ ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಬಸುರಾದವಳಿಗೆ ಆ ದಿನ ಉಪಯೋಗಕ್ಕೆ ಬಾರದು. ಅದನ್ನೇ ಆ ಒಂಬತ್ತು ತಿಂಗಳು ತಪಾಸಣೆಯ ದಿನವಾಗಿ ಮಾರ್ಪಡಿಸಿಕೊಟ್ಟರೆ ಮಾಲೀಕರ ಮೇಲೆ ಹೊಸ ಹೊರೆಯೇನೂ ಬೀಳುವುದಿಲ್ಲ.