ಕಿವಿ ತೆರೆದಿಡುವುದೇ ದುಬಾರಿ

ಕಾಡಿನಲ್ಲಿ ಸೆನ್ಸರ್ ಹಾಕಿದ್ದಾರೆ ಎಂದೊಡನೆ ಕೆಲವರಿಗೆ ಭಕ್ತಿ: ಇನ್ನು ಎಲೆ ಅಲುಗಿದರೂ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತದಂತೆ. ಉಳಿದವರಿಗೆ ಭಯ: ಗುಬ್ಬಚ್ಚಿಗಳನ್ನು ಓಡಿಸಿತೆಂದು ಅವರು ನಂಬಿರುವ ಟವರಿನ ತರಂಗ ಈಗ ಕಾಡಿಗೂ ಹೊಕ್ಕಿತಲ್ಲ ಎಂದು. ಈ ಪುಟ್ಟ ಯಂತ್ರಗಳು ತಮ್ಮ ಆಯುಷ್ಯದ ಬಹುಪಾಲನ್ನು ನಿದ್ದೆಯಲ್ಲೇ ಕಳೆಯುತ್ತವೆ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ಅಮೆರಿಕದ ಮೇನ್ ಕರಾವಳಿಯಾಚೆ ಗ್ರೇಟ್ ಡಕ್ ಎಂಬ ದ್ವೀಪವಿದೆ. ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ಅಲ್ಲಿ ನೆಲದೊಳಗೆ ಬಿಲ ತೋಡಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಗೂಡಿಗೆ ಬಂದು ಹೋಗುವುದೆಲ್ಲ ರಾತ್ರಿಯಲ್ಲಿ. ಬಿಲದಲ್ಲಿ ಹಕ್ಕಿ ಇದೆಯೇ ಎಂದು ತಿಳಿಯಬೇಕಾದರೆ ಜೀವವಿಜ್ಞಾನಿ ಮೊಣಕೈವರೆಗೆ ಕೈ ತೂರಿಸಬೇಕಿತ್ತು. ಕಾವಿನ ಮೊದಲ ಎರಡು ವಾರಗಳಲ್ಲಿ ಹೀಗೆ ಕೆಣಕಿದರೆ ಹಕ್ಕಿ ಗೂಡನ್ನೇ ತೊರೆದುಬಿಡುವ ಸಂಭವ ಹೆಚ್ಚು. ಎಣಿಸಲು ಹೋದವರೇ ಎಣಿಕೆಯನ್ನು ಕೆಡಿಸುವ ಪರಿಸ್ಥಿತಿ.

2002ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿಭಾಗ, ಇಂಟೆಲ್ ಸಂಶೋಧನಾಲಯ ಮತ್ತು ಕಾಲೇಜ್ ಆಫ್ ದಿ ಅಟ್ಲಾಂಟಿಕ್‌ನವರು ಸೇರಿ ಅಲ್ಲಿ 32 ಮೋಟ್‌ಗಳನ್ನು ಇಟ್ಟರು. ಮೋಟ್ ಎಂದರೆ ಸೆನ್ಸರ್, ಪ್ರೊಸೆಸರ್, ರೇಡಿಯೋ, ಎರಡು ಪೆನ್‌ಸೆಲ್, ಅಷ್ಟೆ. ಬಿಲದೊಳಗಿನ ಅವಕೆಂಪು ಸೆನ್ಸರ್ ಹಕ್ಕಿಯ ಮೈಬಿಸಿಯನ್ನು ಗುರುತಿಸುತ್ತದೆ. ತಾಪಮಾನ, ಬೆಳಕು, ಆರ್ದ್ರತೆ ಮತ್ತು ಗಾಳಿಯ ಒತ್ತಡಕ್ಕೂ ಸೆನ್ಸರ್‌ಗಳಿದ್ದವು. ಇದರ ಮೂಲ, ಪಕ್ಷಿಪ್ರೇಮವಂತೂ ಅಲ್ಲ. 2001ರ ಮಾರ್ಚ್‌ನಲ್ಲಿ ಇದೇ ಬರ್ಕ್ಲಿಯವರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಚಾಲಕರಹಿತ ಪುಟ್ಟ ವಿಮಾನದಿಂದ ಮೋಟ್‌ಗಳನ್ನು ರಸ್ತೆ ಬದಿಗೆ ಉದುರಿಸಿ, ಹಾದುಹೋಗುವ ವಾಹನಗಳ ಜಾಡು ಹಿಡಿದು ತೋರಿಸಿದ್ದರು. ಹಣ ಅಮೆರಿಕದ ರಕ್ಷಣಾ ಇಲಾಖೆಯದು.

ದ್ವೀಪದ ಮೋಟ್‌ಗಳು ಒಂಬತ್ತು ತಿಂಗಳು ಬದುಕಬೇಕೆಂಬುದು ಗುರಿ. ಎರಡು ಸೆಲ್‌ಗಳಿಂದ ಸಿಗುವುದು ಸುಮಾರು 2200 ಮಿಲಿಆಂಪ್-ಗಂಟೆ. ಹಂಚಿದರೆ ದಿನಕ್ಕೆ 8ಕ್ಕಿಂತ ತುಸು ಹೆಚ್ಚು. ರೇಡಿಯೋ ಏನನ್ನೂ ಕಳಿಸದೆ ಸುಮ್ಮನೆ ಕಿವಿಗೊಟ್ಟು ಕೂತರೂ ಗಂಟೆಗೆ 4.5 ನುಂಗುತ್ತದೆ, ದಿನದ ಪಡಿ ಎರಡು ಗಂಟೆಯೊಳಗೆ ಖಾಲಿ! ಮಾತಾಡಿದರೆ ಖರ್ಚು, ಕೇಳಿಸಿಕೊಳ್ಳುವುದು ಪುಕ್ಕಟೆ ಎಂಬ ನಮ್ಮ ಅಂದಾಜು ಇಲ್ಲಿ ಪೂರ್ತಿ ಸುಳ್ಳು. ರೇಡಿಯೋದ ವರ್ಧಕಗಳು ಸಂದೇಶ ಬರಲಿ ಬಿಡಲಿ ವಿದ್ಯುತ್ ಎಳೆಯುತ್ತಲೇ ಇರುತ್ತವೆ.

ಮೊದಲ ವರ್ಷ ಮೋಟ್‌ಗಳು ಸುಮಾರು 70 ಸೆಕೆಂಡಿಗೊಮ್ಮೆ ಎದ್ದು, ಅಳೆದು, ಒಂದು ಮಿಲಿವ್ಯಾಟ್ ಆಸುಪಾಸಿನ ದುರ್ಬಲ ತರಂಗದಲ್ಲಿ ಕ್ಷಣಮಾತ್ರ ಸುದ್ದಿ ಕಳಿಸಿ ಮಲಗುತ್ತಿದ್ದವು. ಮರುವರ್ಷ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಾಯಿತು. ಮಲಗಿರುವ ನೆರೆಯವನಿಗೆ ಸುದ್ದಿ ಮುಟ್ಟಿಸುವುದು ಹೇಗೆ? ನೆರೆಯವನು ಸೆಕೆಂಡಿಗೊಮ್ಮೆ ಅರೆಕ್ಷಣ ಎಚ್ಚರಾಗುತ್ತಾನೆ ಎನ್ನಿ. ಹಾಗಿದ್ದರೆ ಬಂದವನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬಿಡದೆ ಬಾಗಿಲು ಬಡಿದರಾಯಿತು. ಆ ಅರೆಕ್ಷಣದಲ್ಲಿ ಸದ್ದು ಕೇಳಿಸಲೇಬೇಕು, ಅವನು ಎದ್ದು ಕೂರಲೇಬೇಕು. ರೇಡಿಯೋ ಭಾಷೆಯಲ್ಲಿ ಈ ಬಡಿತವೇ ಉದ್ದನೆಯ ಪ್ರಿಯಾಂಬಲ್. ಕಳಿಸುವವನಿಗೆ ಖರ್ಚು ಹೆಚ್ಚುತ್ತದೆ, ನಿಜ. ಆದರೆ ಕಳಿಸುವುದು ಅಪರೂಪ, ಕಾಯುವುದು ನಿರಂತರ. ಭಾರವನ್ನು ಅಪರೂಪದ ಕೆಲಸದ ತಲೆಗೆ ಕಟ್ಟಿದ ಈ ಜಾಣತನ ನನಗೆ ಬಲು ಇಷ್ಟ.

ಬ್ಯಾಟರಿಯ ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು, ದ್ವೀಪದ ಮಂಜಿಗೆ ಲೆಕ್ಕ ಬರುತ್ತಿರಲಿಲ್ಲ. ಮೋಟ್‌ಗೆ ಜಲನಿರೋಧಕ ಲೇಪನವಿತ್ತು, ಆದರೆ ಆರ್ದ್ರತೆ ಅಳೆಯುವ ಸೆನ್ಸರ್ ಗಾಳಿಗೆ ತೆರೆದುಕೊಂಡಿರದೆ ವಿಧಿಯಿಲ್ಲ. ನೀರು ಅದರ ಮೂಲಕವೇ ಬ್ಯಾಟರಿಯ ಎರಡು ತುದಿಗಳ ನಡುವೆ ಕಳ್ಳದಾರಿ ಮಾಡಿಕೊಟ್ಟಿತು, ವಿದ್ಯುತ್ ಸೋರಿಹೋಯಿತು. ನಾಲ್ಕು ತಿಂಗಳಲ್ಲಿ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಜಾಲಾಡಿದಾಗ ಒಂದು ಸಂಗತಿ ಹೊರಬಿತ್ತು. ಆರ್ದ್ರತೆಯ ಅಂಕಿ ಅಸಂಭವ ಮಟ್ಟಕ್ಕೆ ಜಿಗಿದ ಮೋಟ್‌ಗಳೇ ಮುಂದೆ ಕೆಡುತ್ತಿದ್ದವು. ಹವಾಮಾನದ ಮಾಹಿತಿಯಾಗಿ ಆ ಅಂಕಿ ಕಸ. ಯಾವ ಮೋಟ್ ಮುಂದೆ ಸಾಯಲಿದೆ ಎಂದು ತಿಳಿಯಲು ಮಾತ್ರ ಅದಕ್ಕಿಂತ ಒಳ್ಳೆಯ ಸುಳಿವು ಬೇಕಿರಲಿಲ್ಲ.